ಎಲ್ಲರ ಮನೆಯ ಲೂಸಿ

ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಬಂದ ಹೊಸತು. ರಾತ್ರಿ ಡ್ಯೂಟಿ ಮುಗಿಸಿ ಬಂದು, ಅನ್ನಕ್ಕೆ ಸಾರು ಕಲಸಿಕೊಂಡು ಟಿ.ವಿ. ಹಾಕಿದರೆ ಕಪ್ಪು-ಬಿಳುಪಿನ 'ಐ ಲವ್ ಲೂಸಿ' ಬರುತ್ತಿತ್ತು. ಮಿಠಾಯಿ ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಮೇಲಿನ ಚಾಕೊಲೇಟುಗಳಿಗೆ ಕಾಗದ ಸುತ್ತಿ ಮುಗಿಸಲಾರದೆ ಅವನ್ನು ಬಾಯಿಗೆ, ಟೋಪಿಗೆ, ರವಿಕೆಗೆ ತುರುಕಿಕೊಳ್ಳುವ ಲೂಸಿಯ ಪಾಡು ಕಂಡು ಒಬ್ಬಳೇ ಕೂತು ನಗುತ್ತಿದ್ದೆ. ಅದು 1952ರದೆಂದು ತಿಳಿದಾಗ ನಂಬಲಾಗಲಿಲ್ಲ.

ಲೂಸಿಲ್ ಬಾಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನಿನಲ್ಲಿ. ಮೂರು ವರ್ಷದವರಿದ್ದಾಗ ತಂದೆ ಟೈಫಾಯಿಡಿನಿಂದ ತೀರಿಕೊಂಡರು. ಹದಿಹರೆಯದಲ್ಲಿ ನಾಟಕ ಶಾಲೆಗೆ ಸೇರಿದರೆ, ಈ ಸಂಕೋಚದ ಹುಡುಗಿಯಿಂದ ಏನೂ ಆಗದೆಂದು ಮನೆಗೆ ಕಳಿಸಿಬಿಟ್ಟರು. 1933ರಲ್ಲಿ ಹಾಲಿವುಡ್ ಸೇರಿದ ಮೇಲೂ ಬಹಳ ವರ್ಷ ಸಿಕ್ಕಿದ್ದು ಸಣ್ಣ ಪಾತ್ರಗಳು, ಎರಡನೇ ದರ್ಜೆಯ ಚಿತ್ರಗಳು.

1948ರಿಂದ ರೇಡಿಯೋದಲ್ಲಿ ಮಾಡುತ್ತಿದ್ದ ಹಾಸ್ಯ ಕಾರ್ಯಕ್ರಮವನ್ನು ಟಿ.ವಿ.ಗೆ ತರಬೇಕೆಂದು ಸಿ.ಬಿ.ಎಸ್. ಬಯಸಿತು. ಗಂಡನ ಪಾತ್ರ ತನ್ನ ಗಂಡನಿಗೇ ಬೇಕೆಂದು ಲೂಸಿಲ್ ಹಟ ಹಿಡಿದರು. ಕ್ಯೂಬಾದಿಂದ ಬಂದ ವಾದ್ಯಗಾರ ಡೆಸಿ ಅರ್ನಾಜ್‌ರ ಇಂಗ್ಲಿಷ್ ಉಚ್ಚಾರಣೆಯನ್ನು ಅಮೆರಿಕದ ಜನ ಒಪ್ಪುವರೇ ಎಂಬ ಅನುಮಾನ ಕಂಪನಿಯವರಿಗೆ. (ಉಚ್ಚಾರಣೆಯ ಕಷ್ಟ ನಮಗೆ ಬೇರೆ ಹೇಳಬೇಕೆ!) ದಂಪತಿಗಳು ಊರೂರು ಸುತ್ತಿ ರಂಗದ ಮೇಲೆ ಆಡಿ ತೋರಿಸಿದರು. ನ್ಯೂಯಾರ್ಕಿಗೆ ಹೋಗದೆ ಹಾಲಿವುಡ್ಡಿನಲ್ಲೇ, ಪ್ರೇಕ್ಷಕರೆದುರು, ಮೂರು ಕ್ಯಾಮೆರಾ ಇಟ್ಟು ಫಿಲಂ ಮೇಲೆ ಚಿತ್ರಿಸಿದರು. ಹೆಚ್ಚಿನ ಖರ್ಚಿಗಾಗಿ ಸಂಬಳ ಕಡಿಮೆ ಮಾಡಿಕೊಂಡು, ಫಿಲಮಿನ ಒಡೆತನ ತಾವೇ ಇಟ್ಟುಕೊಂಡರು. ಅರ್ಧ ಶತಮಾನದ ಮೇಲೆ ನಾನು ಅದನ್ನು ಅಷ್ಟು ಸ್ಪಷ್ಟವಾಗಿ ನೋಡಲು ಆ ಫಿಲಮೇ ಕಾರಣ. 1951ರ ಅಕ್ಟೋಬರ್ 15ರಂದು ಮೊದಲ ಕಂತು ಬಂದಾಗ ಲೂಸಿಲ್‌ಗೆ ನಲವತ್ತು. ಸೆಟ್ಟಿನಲ್ಲಿ ಆಕೆ ಬಲು ಗಂಭೀರ. ಒಂದೊಂದು ಎಡವಟ್ಟನ್ನೂ ಹತ್ತಾರು ಸಲ ಅಭ್ಯಾಸ ಮಾಡುತ್ತಿದ್ದರಂತೆ.

ಮರುವರ್ಷ ಆಕೆ ಗರ್ಭಿಣಿಯಾದರು. ಹಲವು ಸಲ ಗರ್ಭಸ್ರಾವದ ನೋವುಂಡು 1951ರಲ್ಲಿ ಮಗಳನ್ನು ಹೆತ್ತಿದ್ದರು. ಇದು ಎರಡನೆಯ ಮಗು. ಕುರ್ಚಿಯ ಹಿಂದೆ ಹೊಟ್ಟೆ ಮರೆಸಿ ನಟಿಸುವ ಬದಲು, ಕಥೆಯಲ್ಲೂ ಲೂಸಿ ಬಸುರಿಯಾಗಲಿ ಎಂದು ದಂಪತಿಗಳು ಪಟ್ಟು ಹಿಡಿದು ಗೆದ್ದರು. ಆದರೆ ಗರ್ಭಿಣಿ ಎಂಬ ಶಬ್ದ ಮಾತ್ರ ಆಡುವಂತಿರಲಿಲ್ಲ! ನಮ್ಮ ಹಿರಿಯರು 'ಏನಾದರೂ ವಿಶೇಷವೇ' ಎಂದು ಕೇಳುವಂತೆ ಸುತ್ತಿ ಬಳಸಿ ಹೇಳಬೇಕಿತ್ತು. ಪಾದ್ರಿ, ರಬ್ಬಿಗಳು ಸಂಭಾಷಣೆ ಓದಿ ಒಪ್ಪಿಗೆ ಕೊಟ್ಟರು. 1953ರ ಜನವರಿ 19ರಂದು ಲೂಸಿಲ್‌ಗೆ ಸಿಸೇರಿಯನ್ ಆಗಿ ಮಗ ಹುಟ್ಟಿದ. ಅದೇ ರಾತ್ರಿ ಟಿ.ವಿ.ಯಲ್ಲಿ ಲೂಸಿಗೂ ಗಂಡುಮಗು. ನೋಡಿದವರು ಸುಮಾರು 4 ಕೋಟಿ 40 ಲಕ್ಷ. ಮರುದಿನದ ಐಸೆನ್‌ಹೋವರ್ ಪ್ರಮಾಣವಚನಕ್ಕೂ ಅಷ್ಟು ಜನ ಸೇರಲಿಲ್ಲ.

1960ರಲ್ಲಿ ಮದುವೆ ಮುರಿಯಿತು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು, ಡೆಸಿಲು ಸ್ಟುಡಿಯೋವನ್ನು ಆಕೆಯೇ ನಡೆಸಿದರು. 'ಸ್ಟಾರ್ ಟ್ರೆಕ್' ಹೊರಬಂದದ್ದು ಅಲ್ಲಿಂದಲೇ. 1967ರಲ್ಲಿ ಸುಮಾರು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದರು. 1986ರಲ್ಲಿ ಮತ್ತೆ ತೆರೆಗೆ ಬಂದರೂ ಆ ಧಾರಾವಾಹಿ ಕೆಲವೇ ವಾರ ನಡೆದು ನಿಂತಿತು.

1989ರ ಮಾರ್ಚಿನಲ್ಲಿ ಆಸ್ಕರ್ ವೇದಿಕೆಯೇರಿದ ಲೂಸಿಲ್‌ಗೆ ಏಪ್ರಿಲ್ 18ರಂದು ಎದೆನೋವು. ಮಹಾಧಮನಿಯ ಒಳಪದರ ಸೀಳಿತ್ತು. ತಾಸುಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದರು, ಎದ್ದು ಓಡಾಡುವಂತಾದರು. ಆದರೆ 26ರ ಬೆಳಗ್ಗೆ ಅದೇ ರಕ್ತನಾಳ ಬೇರೊಂದು ಕಡೆ ಒಡೆಯಿತು. ಎಪ್ಪತ್ತೇಳು ವಯಸ್ಸು.