ಟೆಲಿಫೋನಿನ ನಕ್ಷೆ ಬರೆದ ಲೂಯಿಸ್ ಲ್ಯಾಟಿಮರ್

ಟೆಲಿಫೋನ್ ಅಂದ ಕೂಡಲೇ ನೀವು ಗ್ರಹಾಂ ಬೆಲ್ ಹೆಸರು ಹೇಳ್ತೀರಿ. ಸರಿಯೇ. ಆದರೆ ಬೆಲ್ ಅವರ ಪೇಟೆಂಟ್ ಅರ್ಜಿಗೆ ನಕ್ಷೆ ಬರೆದ ಕೈ ಕಪ್ಪು ಜನಾಂಗದ ತರುಣನೊಬ್ಬನದು. ಆ ಹೆಸರೂ ನಿಮಗೆ ಗೊತ್ತಿರಲಿ: ಲೂಯಿಸ್ ಹೋವರ್ಡ್ ಲ್ಯಾಟಿಮರ್.

ಇವರ ತಂದೆ ಜಾರ್ಜ್, ತಾಯಿ ರೆಬೆಕಾ ಅಮೆರಿಕದ ವರ್ಜೀನಿಯಾದಲ್ಲಿ ಗುಲಾಮರು. 1842ರಲ್ಲಿ ಇಬ್ಬರೂ ತಪ್ಪಿಸಿಕೊಂಡು ಬಾಸ್ಟನ್ ಸೇರಿದರು. ಒಡೆಯ ಬೆನ್ನಟ್ಟಿ ಬಂದು ಜಾರ್ಜ್ ಅವರನ್ನು ಹಿಡಿಸಿದ. ಗುಲಾಮಗಿರಿಯ ವಿರೋಧಿಗಳು ಎದ್ದು ನಿಂತರು; ಕೊನೆಗೆ 400 ಡಾಲರ್ ಕೊಟ್ಟು ಬಿಡಿಸಿದರು. ಮನುಷ್ಯನಿಗೇ ಬೆಲೆ ಕಟ್ಟುವ ಕಾಲ ಅದು, ನೋಡ್ರಿ. ಅಂಥ ಮನೆಯಲ್ಲಿ 1848ರ ಸೆಪ್ಟೆಂಬರ್ 4ರಂದು ಲೂಯಿಸ್ ಹುಟ್ಟಿದರು.

ಶಾಲೆ ಬೇಗನೆ ತಪ್ಪಿತು. 16ನೇ ವಯಸ್ಸಿಗೆ ನೌಕಾಪಡೆ ಸೇರಿದರು. ಅಂತರ್ಯುದ್ಧ ಮುಗಿದ ಮೇಲೆ ಬಾಸ್ಟನ್ನಿನ ಪೇಟೆಂಟ್ ವಕೀಲರ ಕಚೇರಿಯಲ್ಲಿ ವಾರಕ್ಕೆ 3 ಡಾಲರ್ ಪಗಾರಕ್ಕೆ ಆಫೀಸಿನ ಹುಡುಗನಾಗಿ ನಿಂತರು. ನಕ್ಷೆಗಾರರು ಕೆಲಸ ಮಾಡೋದನ್ನು ನೋಡಿ ನೋಡಿಯೇ ಕಲಿತರು. ಹಳೇ ಪುಸ್ತಕ, ಹಳೇ ಉಪಕರಣ ಕೊಂಡು ಮನೆಯಲ್ಲಿ ಕೈ ಪಳಗಿಸಿದರು. ಆಮೇಲೆ ಧೈರ್ಯ ಮಾಡಿ, ತಮಗೂ ಒಂದು ನಕ್ಷೆ ಬರೆಯಲು ಬಿಡಬೇಕೆಂದು ಕೇಳಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯೇ ಮುಖ್ಯ ನಕ್ಷೆಗಾರರಾದರು.

1876ರಲ್ಲಿ ಬೆಲ್ ಅವರ ಕೆಲಸ ಕೈಗೆ ಬಂತು. ಯಂತ್ರ ತಿಳಿಯದೆ ಅದರ ನಕ್ಷೆ ಬರೆಯೋಕೆ ಆಗಲ್ಲ. ಈ ಯಂತ್ರ ಹೇಗೆ ನಡೀತದೆ ಗೊತ್ತಾ? ನಾವು ಮಾತಾಡಿದರೆ ಗಾಳಿ ಅಲುಗುತ್ತದೆ. ಗಾಳಿ ಒಂದು ತೆಳು ಪೊರೆಯನ್ನು ನಡುಗಿಸುತ್ತದೆ. ಪೊರೆಗೆ ಕೂಡಿಸಿದ ಕಬ್ಬಿಣದ ಪಟ್ಟಿ ವಿದ್ಯುತ್ಕಾಂತದ ಮುಂದೆ ಅಲುಗಾಡಿದಂತೆಲ್ಲ ತಂತಿಯ ಕರೆಂಟು ಅಲೆಯಂತೆ ಏರಿಳಿಯುತ್ತದೆ. ಆ ತುದಿಯಲ್ಲಿ ಇದೇ ಕೆಲಸ ತಿರುವುಮುರುವು: ಕರೆಂಟು ಪೊರೆಯನ್ನು ಕುಣಿಸುತ್ತದೆ, ಪೊರೆ ಗಾಳಿಯನ್ನು. ಅಂದ್ರೆ ತಂತಿಯಲ್ಲಿ ಹೋಗೋದು ದನಿಯಲ್ಲ, ದನಿಯ ಅಲೆಯಂತೆ ಏರಿಳಿಯುವ ಕರೆಂಟು. ಅರ್ಜಿ ಫೆಬ್ರವರಿ 14ರಂದು ಸಲ್ಲಿಕೆಯಾಗಿ, ಮಾರ್ಚ್ 7ರಂದು 174465ನೇ ಪೇಟೆಂಟ್ ಸಿಕ್ಕಿತು.

ಲ್ಯಾಟಿಮರ್ ಅಷ್ಟಕ್ಕೇ ನಿಲ್ಲಲಿಲ್ಲ. ವಿದ್ಯುತ್ ದೀಪದೊಳಗಿನ ಕಾರ್ಬನ್ ಎಳೆ ತಯಾರಿಸುವ ಸುಧಾರಿತ ವಿಧಾನಕ್ಕೆ 1882ರಲ್ಲಿ ತಮ್ಮದೇ ಹೆಸರಿನ ಪೇಟೆಂಟ್ ಪಡೆದರು. ಎಡಿಸನ್ ಕಂಪನಿಯಲ್ಲಿ ದುಡಿದರು. 1890ರಲ್ಲಿ ವಿದ್ಯುತ್ ದೀಪದ ಬಗ್ಗೆ ಪುಸ್ತಕ ಬರೆದರು. ನ್ಯೂಯಾರ್ಕಿಗೆ ವಲಸೆ ಬಂದ ಬಡವರಿಗೆ ನಕ್ಷೆ ಬಿಡಿಸುವುದನ್ನೂ ಇಂಗ್ಲಿಷನ್ನೂ ಕಲಿಸಿದರು. ಕದ್ದು ನೋಡಿ ಕಲಿತ ವಿದ್ಯೆಯನ್ನು ಕರೆದು ಕೊಟ್ಟರು. 1928ರ ಡಿಸೆಂಬರ್ 11ರಂದು ತೀರಿಕೊಂಡರು.

ನಿಮ್ಮ ಮನೆಯ ಮೂಲೆಯಲ್ಲಿ ಕೆಟ್ಟ ಹಳೇ ಲ್ಯಾಂಡ್‌ಲೈನ್ ಫೋನ್ ಬಿದ್ದಿದ್ದರೆ ಗುಜರಿಗೆ ಹಾಕಬೇಡ್ರಿ. ವೈರ್ ಕಿತ್ತು, ಕಿವಿಗಿಡುವ ಭಾಗ ಬಿಚ್ಚಿ ನೋಡ್ರಿ. ಅಯಸ್ಕಾಂತ, ತಂತಿಸುರುಳಿ, ತೆಳು ಪೊರೆ ಕಾಣ್ತವೆ. ಪೆನ್ಸಿಲ್ ತಗೊಂಡು ಅದರ ಚಿತ್ರ ಬರೀರಿ. ಆಮೇಲೆ ಪಕ್ಕದ ಮನೆಯ ಹುಡುಗಿಗೂ ತೋರಿಸ್ರಿ.