ಮಾಡ್ ಆಬಟ್ ಅಮ್ಮನವರ ಚರಿತ್ರೆ

ಹುಟ್ಟಿದಂದಿನಿಂದಲೇ ತುಟಿ ಉಗುರುಗಳು ನೀಲಿಯಾಗಿದ್ದು, ಹಾಲು ಕುಡಿಯುವಾಗ ಏದುಸಿರುಬಿಡುವ ಕೂಸುಗಳುಂಟು. ಇದರ ಕಾರಣವು ಹೃದಯದ ಕಟ್ಟಡದಲ್ಲಿಯೇ ಇರುವದುಂಟೆಂದು ಬಿಡಿಸಿ ತೋರಿಸಿದವರಲ್ಲಿ ಮುಖ್ಯಳಾದ ಕೆನಡಾ ದೇಶದ ಮಾಡ್ ಆಬಟ್ ಎಂಬಾಕೆಯ ಚರಿತ್ರೆಯನ್ನು ನಾವು ಈಗ ಹೇಳುವೆವು.

ತಾಯಿ ಸತ್ತು, ತಂದೆ ಬಿಟ್ಟುಹೋಗಿ, ಅಜ್ಜಿಯ ಆರೈಕೆಯಲ್ಲಿ ಬೆಳೆದ ಈಕೆಯನ್ನು ಹೆಂಗಸೆಂಬ ಕಾರಣದಿಂದ ಮಾಂಟ್ರಿಯಾಲಿನ ಮೆಕ್‌ಗಿಲ್ ವಿದ್ಯಾಲಯದವರು ವೈದ್ಯಶಾಲೆಗೆ ಸೇರಿಸಲಿಲ್ಲ. ಬೇರೆ ಕಾಲೇಜಿನಲ್ಲಿ ಕಲಿತು 1894ರಲ್ಲಿ ವೈದ್ಯಳಾದಳು. ಆಶ್ಚರ್ಯವೇನಂದರೆ, ತಳ್ಳಿದವರೇ ಬಳಿಕ ತಮ್ಮ ವಸ್ತುಸಂಗ್ರಹಾಲಯವನ್ನು ಆಕೆಗೆ ಒಪ್ಪಿಸಿದರು. ಸೀಸೆಗಳನ್ನು ಕಾಯುವದು ಗಂಡಸರಿಗೆ ಬೇಡವಾಗಿತ್ತೇನೋ! ಅವುಗಳಲ್ಲಿ ಸತ್ತವರ ಹೃದಯಗಳಿದ್ದವು. ಒಂದರಲ್ಲಿ ಕೋಣೆಗಳ ನಡುಗೋಡೆಗೆ ತೂತು. ಒಂದರಲ್ಲಿ ಶ್ವಾಸಕೋಶಕ್ಕೆ ರಕ್ತವು ಹೋಗುವ ದಾರಿಯು ಇಕ್ಕಟ್ಟು. ಕೆಲವುಗಳಲ್ಲಿ ಈ ಎರಡೂ ಕೂಡಿದ್ದವು. ಕೆಳಗೆ ಎರಡು ಕೋಣೆಗಳಿರಬೇಕಾದಲ್ಲಿ ಒಂದೇ ಇದ್ದ ಹೃದಯವೂ ಸಿಕ್ಕಿತು. ಆಕೆಯು ಇಂಥವುಗಳನ್ನು ವರ್ಷಗಟ್ಟಲೆ ವಿಂಗಡಿಸಿ, 1936ರಲ್ಲಿ 1000 ರೋಗಿಗಳ ಹೃದಯಗಳ ವಿವರವುಳ್ಳ ಚಿತ್ರಪುಸ್ತಕವನ್ನು ಹೊರಡಿಸಿದಳು.

ಆದರೆ ನೀಲಿ ಕೂಸುಗಳಿಗೆ ಆಗ ಚಿಕಿತ್ಸೆಯೇ ಇರಲಿಲ್ಲ. 1940ರಲ್ಲಿ ಆಕೆಯು ತೀರಿಹೋದಳು.

ಆಕೆಯಿಂದ ಕಲಿತಿದ್ದ ಹೆಲೆನ್ ಟೌಸಿಗ್ ಎಂಬ ವೈದ್ಯಳ ಸಲಹೆಯಂತೆ, 1944ರ ನವೆಂಬರ್ 29ರಂದು ಅಮೇರಿಕದ ಬಾಲ್ಟಿಮೋರಿನಲ್ಲಿ ಬ್ಲಾಲಾಕ್ ಎಂಬ ಶಸ್ತ್ರವೈದ್ಯನು ಒಂದು ಕೂಸಿನ ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿದನು. ತೂತು ಹಾಗೆಯೇ ಉಳಿಯಿತು. ಅದನ್ನು ಮುಚ್ಚಿ ಇಕ್ಕಟ್ಟನ್ನು ಬಿಡಿಸುವ ಕೆಲಸವು 1954ರಲ್ಲಿ ಮೊದಲಾಯಿತು. ಆದಾಗ್ಯೂ ಈ ಹೊಲಿಗೆಯಿಂದಲೇ ಅನೇಕ ಕೂಸುಗಳ ತುಟಿಗಳು ಕೆಂಪಾದವು.