ಕುಮಾರಿ ಕೊರ್ನೇಲಿಯಾ ಸೊರಾಬ್ಜಿಯವರ ಚರಿತ್ರೆ

ಈ ಸಂಚಿಕೆಗೆ ಒಬ್ಬ ಪ್ರಸಿದ್ಧ ಮಹಿಳೆಯ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಕುಮಾರಿ ಕೊರ್ನೇಲಿಯಾ ಸೊರಾಬ್ಜಿಯವರ ಹೆಸರೇ ನಮ್ಮ ಮನಸ್ಸಿಗೆ ಮೊದಲು ಬಂದಿತು. ಅದಕ್ಕೆ ಕಾರಣವನ್ನು ಮರೆಮಾಚದೆ ಹೇಳಿಬಿಡುವೆವು. ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯಿಂದ ಮೇಲಿನ ಬಾಲಿಕೆಯರಿಗೆ ತಿಂಗಳಿಗೊಂದು ಶನಿವಾರ ಕಾನೂನಿನ ಪಾಠವನ್ನು ಏರ್ಪಡಿಸಿರುವುದು ಪೋಷಕರಿಗೆ ತಿಳಿದೇ ಇದೆ. ಅವರಲ್ಲಿ ಕೆಲವರು ನಮ್ಮ ಕೊಠಡಿಗೆ ಬಂದು ಕುಳಿತು, ಹೆಣ್ಣುಮಕ್ಕಳಿಗೆ ಪಾಲು, ಪತ್ರ, ದಾವೆಗಳೆಂಬ ಮಾತುಗಳನ್ನು ಕಲಿಸಿದರೆ ನಾಳೆ ಅವರು ಒಡಹುಟ್ಟಿದವರ ಮೇಲೆಯೇ ನ್ಯಾಯಾಲಯಕ್ಕೆ ಹೋದಾರೆಂದು ತಮ್ಮ ಆತಂಕವನ್ನು ತಿಳಿಸಿದರು. ಆ ಆತಂಕವು ಸುಳ್ಳೆಂದು ನಾವು ಹೇಳಲಿಲ್ಲ. ಬೋಗಾದಿಯು ನಿನ್ನೆ ಮೊನ್ನೆಯವರೆಗೆ ಹೊಲಗಳ ನಡುವಣ ಹಳ್ಳಿಯಾಗಿದ್ದುದು. ಮೈಸೂರು ನಗರವು ಕುಕ್ಕರಹಳ್ಳಿ ಕೆರೆಯನ್ನು ದಾಟಿ ಈ ಕಡೆಗೆ ಬೆಳೆದ ಮೇಲೆ ರಾಗಿ, ಹುರುಳಿ ಬೆಳೆದ ನೆಲವು ಚದರಡಿಯ ಲೆಕ್ಕಕ್ಕೆ ಬಂದಿತು. ಆ ನೆಲದೊಡನೆಯೇ ಹಕ್ಕು ಖುಲಾಸೆ ಪತ್ರವೆಂಬ ಕಾಗದವೂ ಮನೆಮನೆಗೆ ಬಂದಿತು. ಅದರ ಕೆಳಗೆ ರುಜು ಹಾಕುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು; ಓದಿ ರುಜು ಹಾಕಿದವರೆಷ್ಟು ಮಂದಿಯೆಂಬುದನ್ನು ಹಳೆಯ ವಿದ್ಯಾರ್ಥಿನಿಯರೇ ಹೇಳಬೇಕು. ಆದುದರಿಂದ ಪೋಷಕರಿಗೆ ಅಂದು ಕೊಡದೆ ಉಳಿದ ಉತ್ತರದ ಬದಲಾಗಿ ಈ ಚರಿತ್ರೆಯನ್ನು ಬರೆಯುತ್ತಿರುವೆವು.

ಕೊರ್ನೇಲಿಯಾ ಸೊರಾಬ್ಜಿಯವರು ೧೮೬೬ನೆಯ ಇಸವಿ ನವೆಂಬರ್ ೧೫ರಂದು ನಾಸಿಕದಲ್ಲಿ ಜನಿಸಿದರು. ತಂದೆ ರೆವರೆಂಡ್ ಸೊರಾಬ್ಜಿ ಕರ್ಸೇಡ್ಜಿಯವರು ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತರಾದವರು; ತಾಯಿ ಫ್ರಾನ್ಸಿನಾ ಅವರು ಬಾಲ್ಯದಲ್ಲಿ ಫೋರ್ಡ್ ಎಂಬ ಆಂಗ್ಲ ದಂಪತಿಗಳ ಸಾಕುಮಗಳಾಗಿ ಬೆಳೆದವರು. ಮಕ್ಕಳು ಹಲವರು. ಕುಟುಂಬವು ಕೆಲವು ಕಾಲ ಬೆಳಗಾವಿಯಲ್ಲಿ ನೆಲೆಸಿದ್ದಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಊರು ಇಂದು ನಮ್ಮದೇ ರಾಜ್ಯದ್ದಾದುದರಿಂದ ಈ ಮಹಿಳೆಯ ಬಾಲ್ಯದಲ್ಲಿ ನಮಗೂ ಒಂದಿಷ್ಟು ಪಾಲುಂಟೆಂದು ಹೇಳಿಕೊಳ್ಳಬಹುದು. ಅನಂತರ ಅವರೆಲ್ಲರೂ ಪುಣೆಗೆ ಹೋದರು. ಅಲ್ಲಿ ಫ್ರಾನ್ಸಿನಾ ಅವರು ಹೆಣ್ಣುಮಕ್ಕಳ ಶಾಲೆಗಳನ್ನು ಸ್ಥಾಪಿಸಿದರು.

ಫ್ರಾನ್ಸಿನಾ ಅವರ ಬಳಿಗೆ ಓದು ಕಲಿಯುವ ಮಕ್ಕಳಷ್ಟೇ ಅಲ್ಲದೆ ಊರಿನ ಹೆಂಗಸರೂ ಬರುತ್ತಿದ್ದರು. ವಾರಸಿನ ಪ್ರಶ್ನೆ, ಗಂಡ ಬಿಟ್ಟುಹೋದ ಆಸ್ತಿಯ ಪ್ರಶ್ನೆ, ನಂಬಿದ ಕಾರಭಾರಿಯು ಕೈಕೊಟ್ಟ ಪ್ರಶ್ನೆ, ಇವುಗಳನ್ನು ತಂದು ಆಕೆಯ ಮುಂದೆ ಇಡುತ್ತಿದ್ದರು. ಆಕೆಯು ಕಾನೂನು ಬಲ್ಲವರಲ್ಲ. ಸಮಾಧಾನ ಹೇಳುವುದಕ್ಕಿಂತ ಹೆಚ್ಚಿನದನ್ನು ಮಾಡಲಾಗುತ್ತಿರಲಿಲ್ಲ. ಇದನ್ನೆಲ್ಲ ಕಂಡು ಬೆಳೆದ ಮಗಳು ತಾನು ವಕೀಲಿಯನ್ನೇ ಕಲಿಯಬೇಕೆಂದು ಸಂಕಲ್ಪಿಸಿದುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಶಾಲೆಯಲ್ಲಿಯೂ ಮಕ್ಕಳ ಶುಲ್ಕ ಕಟ್ಟಲು ಬಂದ ತಾಯಂದಿರು ಬಾಗಿಲ ಬಳಿ ನಿಂತು ಬೇರೆಯೇ ಮಾತನ್ನು ಆರಂಭಿಸುವುದುಂಟು. ಮುಖ್ಯೋಪಾಧ್ಯಾಯಿನಿಯರಾದ ನಮಗೆ ಫ್ರಾನ್ಸಿನಾ ಅವರ ಕಷ್ಟವು ಚೆನ್ನಾಗಿ ಅರ್ಥವಾಗುವುದು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಕೊರ್ನೇಲಿಯಾ ಅವರು ಮುಂಬಯಿ ವಿಶ್ವವಿದ್ಯಾಲಯದ ಪ್ರಥಮ ಮಹಿಳಾ ಪದವೀಧರೆಯಾದರು. ಪರೀಕ್ಷೆಯಲ್ಲಿ ಅಗ್ರಸ್ಥಾನವೂ ದೊರೆಯಿತು. ಆ ಸ್ಥಾನಕ್ಕೆ ವಿಲಾಯತಿಯಲ್ಲಿ ಓದುವುದಕ್ಕಾಗಿ ಸರ್ಕಾರದ ವಿದ್ಯಾರ್ಥಿವೇತನವು ಸಲ್ಲಬೇಕಾಗಿತ್ತು. ಹೆಣ್ಣೆಂಬ ಕಾರಣದಿಂದ ಅದನ್ನು ಕೊಡಲಿಲ್ಲ. ಆಕೆಯು ಅಳುತ್ತ ಕೂಡಲಿಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಗಂಡುಹುಡುಗರಿಗೆ ಇಂಗ್ಲಿಷ್ ಪಾಠ ಹೇಳುವ ಉದ್ಯೋಗವನ್ನು ವಹಿಸಿಕೊಂಡರು. ಇತ್ತ ಆಂಗ್ಲ ದೇಶದಲ್ಲಿ ಕೆಲವರು ಸ್ನೇಹಿತರು ಆಕೆಯ ಓದಿಗಾಗಿ ಹಣವನ್ನು ಕೂಡಿಸಿದರು. ಹಣ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರೂ ಒಬ್ಬರು. ೧೮೮೯ರಲ್ಲಿ ಆಕೆಯು ಆಕ್ಸ್‌ಫರ್ಡಿನ ಸೋಮರ್‌ವಿಲ್ ವಿದ್ಯಾಲಯವನ್ನು ಸೇರಿದರು.

ಆಕ್ಸ್‌ಫರ್ಡಿನಲ್ಲಿ ಅದುವರೆಗೆ ಹೆಂಗಸರಾರೂ ನ್ಯಾಯಶಾಸ್ತ್ರವನ್ನು ಓದಿರಲಿಲ್ಲ. ವಿಶ್ವವಿದ್ಯಾಲಯದ ಸಭೆಯು ವಿಶೇಷ ನಿರ್ಣಯ ಮಾಡಿದ ಮೇಲೆಯೇ ೧೮೯೨ರಲ್ಲಿ ಆಕೆಗೆ ಬಿ.ಸಿ.ಎಲ್. ಪರೀಕ್ಷೆಗೆ ಕುಳಿತುಕೊಳ್ಳಲು ಅನುಮತಿ ದೊರೆಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದರು, ಪದವಿಯನ್ನು ಮಾತ್ರ ಕೊಡಲಿಲ್ಲ. ಹೆಂಗಸರಿಗೆ ಪದವಿ ಕೊಡುವ ಪದ್ಧತಿಯೇ ಅಲ್ಲಿ ೧೯೨೦ರವರೆಗೆ ಇರಲಿಲ್ಲ. ಕೊರ್ನೇಲಿಯಾ ಅವರ ಕೈಗೆ ಪದವಿಯು ಬಂದುದು ೧೯೨೨ರಲ್ಲಿ, ಎಂದರೆ ೩೦ ವರ್ಷಗಳ ತರುವಾಯ. ಫಲಿತಾಂಶವು ಎರಡು ದಿನ ತಡವಾದರೆ ಊಟ ಬಿಡುವ ನಮ್ಮ ಮಕ್ಕಳು ಈ ಸಂಗತಿಯನ್ನು ನೆನಪಿನಲ್ಲಿಡಲಿ.

ಆಕೆಯು ೧೮೯೪ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಅದೇ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲಿ, ಶ್ರೀ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ, ಶಿಶುವಿವಾಹ ನಿಷೇಧದ ನಿಬಂಧನೆಯು ಜಾರಿಗೆ ಬಂದಿತು. ೮ ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದೆಂದೂ, ೫೦ ದಾಟಿದ ಗಂಡಸು ೧೪ ತುಂಬದ ಬಾಲಿಕೆಯನ್ನು ವರಿಸಕೂಡದೆಂದೂ ಅದರಲ್ಲಿ ವಿಧಿಸಿದ್ದಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆಯಾಗಿ ಬಂದ ಈ ನಿಬಂಧನೆಯ ವಿಷಯದಲ್ಲಿ ಮೈಸೂರಿಗರು ಹೆಮ್ಮೆಪಡುವುದು ನ್ಯಾಯವೇ. ಆದರೆ ಏಳು ವರ್ಷದ ಹುಡುಗಿಗೆ ಹಸೆಯ ಮೇಲೆ ಕುಳಿತಿರುವಾಗ ಹೀಗೊಂದು ನಿಬಂಧನೆಯುಂಟೆಂದು ಹೇಳುವವರು ಯಾರು? ಕಾನೂನು ಪುಸ್ತಕದಲ್ಲಿರುವುದಕ್ಕೂ ಅದು ಯಾರಿಗಾಗಿ ಬಂದಿತೋ ಅವರ ಕಿವಿಗೆ ಬೀಳುವುದಕ್ಕೂ ನಡುವೆ ಬಹಳ ದೂರವಿರುವುದು. ಕೊರ್ನೇಲಿಯಾ ಅವರು ತಮ್ಮ ಆಯುಸ್ಸಿನ ಬಹುಭಾಗವನ್ನು ಈ ದೂರವನ್ನು ನಡೆಯುವುದರಲ್ಲಿಯೇ ಕಳೆದರು.

ಆಗಿನ ಗೋಷಾ ಸ್ತ್ರೀಯರ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಉತ್ತರ ದೇಶದ ಜಮೀನುದಾರರ ಮತ್ತು ಸಂಸ್ಥಾನಿಕರ ಮನೆಗಳಲ್ಲಿ ಎಷ್ಟೋ ವಿಧವೆಯರಿಗೆ ಹಳ್ಳಿಗಟ್ಟಲೆ ಭೂಮಿಯ ಒಡೆತನವಿದ್ದಿತು. ಆದರೆ ಪರಪುರುಷರ ಎದುರಿಗೆ ಬರುವಂತಿರಲಿಲ್ಲ. ವಕೀಲರೆಲ್ಲರೂ ಗಂಡಸರೇ. ಹೀಗಾಗಿ ಲೆಕ್ಕವನ್ನು ಗುಮಾಸ್ತನು ಹೇಳಿದಂತೆ ನಂಬಬೇಕು, ಕಾಗದವನ್ನು ತೆರೆಯ ಸಂದಿಯಿಂದ ಒಳಕ್ಕೆ ಚಾಚಿದಾಗ ಮೊಹರನ್ನೋ ಹೆಬ್ಬೆಟ್ಟನ್ನೋ ಒತ್ತಬೇಕು. ಇಂತಹ ಸ್ತ್ರೀಯು ರುಜು ಹಾಕಿದ ಪತ್ರವನ್ನು ಊರ್ಜಿತಗೊಳಿಸಬೇಕಾದರೆ, ಅದರ ಅರ್ಥವನ್ನು ಆಕೆಗೆ ತಿಳಿಸಿ ಹೇಳಲಾಯಿತೆಂದು ಅದರಿಂದ ಲಾಭ ಪಡೆಯುವವನೇ ಸಾಧಿಸಿ ತೋರಿಸಬೇಕೆಂಬ ನಿಯಮವನ್ನು ನ್ಯಾಯಸ್ಥಾನಗಳು ಮಾಡಿದ್ದವು. ಒಳ್ಳೆಯ ನಿಯಮವೇ. ಆದರೆ ಅದರ ಪ್ರಯೋಜನ ಪಡೆಯಲು ದಾವೆ ಹೂಡಬೇಕು. ದಾವೆ ಹೂಡಲು ಗೋಡೆಯ ಹೊರಗಿನವರೊಡನೆ ಮಾತನಾಡಬೇಕು.

ಕಾಠಿಯಾವಾಡ ಮತ್ತು ಇಂದೂರಿನ ಸಂಸ್ಥಾನಗಳಲ್ಲಿ ಇಂತಹ ಸ್ತ್ರೀಯರ ಪರವಾಗಿ ಬ್ರಿಟಿಷ್ ಏಜೆಂಟರ ಮುಂದೆ ಅಹವಾಲು ಸಲ್ಲಿಸಲು ಕೊರ್ನೇಲಿಯಾ ಅವರಿಗೆ ವಿಶೇಷಾನುಮತಿ ದೊರೆಯಿತು. ಆ ದಿನಗಳ ಒಂದು ವಿನೋದವನ್ನು ಆಕೆಯ ಚರಿತ್ರಕಾರರು ಬಿಡದೆ ಹೇಳುವರು. ಒಂದು ಆನೆಗೆ ಸಲ್ಲಬೇಕಾಗಿದ್ದ ಬಾಳೆಯ ತೋಟವನ್ನು ಕಿತ್ತುಕೊಂಡ ವ್ಯಾಜ್ಯದಲ್ಲಿ ಆಕೆಯು ಆನೆಯ ಪರವಾಗಿ ನಿಂತರಂತೆ. ನ್ಯಾಯ ಹೇಳಬೇಕಾದ ರಾಜರು ಉಯ್ಯಾಲೆಯ ಮೇಲೆ ಕುಳಿತಿದ್ದವರು, ತಮ್ಮ ನಾಯಿಗೆ ಈಕೆಯು ಹಿಡಿಸಿದಳೆಂಬ ಕಾರಣದಿಂದ ಆನೆಯ ಕಡೆಗೇ ತೀರ್ಪು ಕೊಟ್ಟರಂತೆ. ಗೆದ್ದರೂ ಆಕೆಗೆ ಇದು ರುಚಿಸಿರಲಾರದು.

ಹೆಣ್ಣಿಗೆ ವಕೀಲಿಯ ಸನ್ನದು ಕೊಡುವಂತಿರಲಿಲ್ಲ. ೧೮೯೭ರಲ್ಲಿ ಮುಂಬಯಿಯ ಎಲ್‌ಎಲ್.ಬಿ. ಪರೀಕ್ಷೆ, ೧೮೯೯ರಲ್ಲಿ ಅಲಹಾಬಾದ್ ಹೈಕೋರ್ಟಿನ ಪ್ಲೀಡರ್ ಪರೀಕ್ಷೆ, ಎರಡನ್ನೂ ಮುಗಿಸಿದರು, ಬಾಗಿಲು ತೆರೆಯಲಿಲ್ಲ. ಆಗ ಆಕೆಯು ಬೇರೊಂದು ಬಾಗಿಲನ್ನು ತಟ್ಟಿದರು. ಸ್ತ್ರೀಯರಿಗೂ ಮೈನರು ಮಕ್ಕಳಿಗೂ ಸಲಹೆ ಕೊಡಲು ಸರ್ಕಾರವೇ ಒಬ್ಬ ಮಹಿಳೆಯನ್ನು ನೇಮಿಸಬೇಕೆಂದು ೧೯೦೨ರಿಂದ ಇಂಡಿಯಾ ಆಫೀಸಿಗೆ ಮನವಿಗಳನ್ನು ಕಳುಹಿಸತೊಡಗಿದರು. ೧೯೦೪ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಆಕೆಗೆ ಮಹಿಳಾ ಸಹಾಯಕಿಯ ಹುದ್ದೆಯು ದೊರೆಯಿತು. ಒಡೆಯನು ತೀರಿಹೋಗಿ ಆಸ್ತಿಯು ಚಿಕ್ಕ ಮಕ್ಕಳಿಗೋ ಸ್ತ್ರೀಯರಿಗೋ ಬಂದಾಗ ಸರ್ಕಾರವು ತಾನೇ ಪೋಷಕನಾಗಿ ನೋಡಿಕೊಳ್ಳುವುದು ಈ ಇಲಾಖೆಯ ಕೆಲಸ. ೧೯೦೭ರ ವೇಳೆಗೆ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಮುಗಳೆಲ್ಲವೂ ಆಕೆಯ ಸಂಚಾರಕ್ಕೆ ಸೇರಿದವು. ರೈಲು, ದೋಣಿ, ಪಲ್ಲಕ್ಕಿಗಳಲ್ಲಿ ಹೋಗಿ ಅಂತಃಪುರದ ನೆಲದ ಮೇಲೆ ಕುಳಿತು ಪತ್ರಗಳ ಅರ್ಥವನ್ನು ಬಿಡಿಸಿ ಹೇಳಿದರು. ದತ್ತಕದ ವ್ಯಾಜ್ಯ, ಜೀವನಾಂಶ, ಎಳೆಯ ವಾರಸುದಾರನ ಯೋಗಕ್ಷೇಮ ಮತ್ತು ವಿದ್ಯಾಭ್ಯಾಸ, ಎಲ್ಲವೂ ಆಕೆಯ ಪಾಲಿಗೆ ಬಂದವು. ೨೦ ವರ್ಷಗಳ ಸೇವೆಯಲ್ಲಿ ೬೦೦ಕ್ಕೆ ಮೀರಿದ ಸ್ತ್ರೀಯರಿಗೂ ಅನಾಥರಿಗೂ ನೆರವಾದರೆಂದು ಅಂದಾಜು ಮಾಡಿರುವರು. ಕೆಲವರಿಂದ ಕಾಸನ್ನೂ ಪಡೆಯಲಿಲ್ಲ. ಆ ಮನೆಗಳಲ್ಲಿ ಆಕೆಯು ಜಗಳವನ್ನು ಹುಟ್ಟಿಸಲಿಲ್ಲವೆಂಬುದನ್ನು ಪೋಷಕರು ಗಮನಿಸಬೇಕು. ಜಗಳವು ಆಕೆ ಹೋಗುವುದಕ್ಕೆ ಮೊದಲೇ ಅಲ್ಲಿದ್ದಿತು. ಅದರಲ್ಲಿ ಒಂದು ಪಕ್ಷಕ್ಕೆ ಮಾತ್ರ ಬಾಯಿ ಇರಲಿಲ್ಲ.

೧೯೨೩ರ ಶಾಸನದಿಂದ ಹಿಂದೂ ದೇಶದಲ್ಲಿ ಹೆಂಗಸರಿಗೆ ವಕೀಲಿಯು ಮುಕ್ತವಾಯಿತು. ಮುಂದಿನ ವರ್ಷದಿಂದ ಆಕೆಯು ಕಲ್ಕತ್ತೆಯಲ್ಲಿ ವೃತ್ತಿಯನ್ನು ನಡೆಸಿದರು. ಆಗ ಆಕೆಗೆ ೫೮ರ ಪ್ರಾಯ. ನ್ಯಾಯಾಧೀಶರ ಮುಂದೆ ವಾದಿಸುವ ಅವಕಾಶವು ವಿರಳವಾಗಿ, ಅಭಿಪ್ರಾಯ ಬರೆದುಕೊಡುವ ಕೆಲಸವೇ ಹೆಚ್ಚಾಗಿ ಉಳಿಯಿತು. ೧೯೨೯ರಲ್ಲಿ ನಿವೃತ್ತರಾಗಿ ಲಂಡನ್ನಿಗೆ ಹೋದರು.

ಆಕೆಯ ದೋಷಗಳನ್ನು ಮುಚ್ಚಿಡುವುದು ಚರಿತ್ರೆ ಬರೆಯುವ ಕ್ರಮವಲ್ಲ. ಬ್ರಿಟಿಷ್ ಆಳ್ವಿಕೆಯಲ್ಲಿ ಆಕೆಗೆ ಅತಿಯಾದ ನಂಬಿಕೆಯಿದ್ದಿತು. ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ೧೯೨೭ರಲ್ಲಿ ಕ್ಯಾಥರಿನ್ ಮೇಯೋ ಎಂಬ ಅಮೆರಿಕದ ಲೇಖಕಿಯು ನಮ್ಮ ದೇಶವನ್ನು ಹಳಿದು ಬರೆದ ಪುಸ್ತಕಕ್ಕೆ ಬೆಂಬಲ ಕೊಟ್ಟರು. ಅದರಿಂದ ದೇಶದ ಸ್ತ್ರೀಯರ ಸಂಘಗಳು ಆಕೆಯನ್ನು ದೂರವಿಟ್ಟವು. ಕೈಗೊಂಡಿದ್ದ ಸಮಾಜಕಾರ್ಯವೂ ಕುಂದಿತು. ಈ ವಿಷಯದಲ್ಲಿ ಆಕೆಯು ತಪ್ಪಿದರೆಂಬುದೇ ನಮ್ಮ ಅಭಿಪ್ರಾಯ. ಓದು ಬಾರದ ಹೆಂಗಸರಿಗೆ ವಿದ್ಯೆ ದೊರೆಯುವವರೆಗೆ ಮತದ ಹಕ್ಕಿನಿಂದ ಪ್ರಯೋಜನವಾಗದೆಂದು ಆಕೆಯು ನಂಬಿದ್ದರು. ಹಕ್ಕನ್ನು ತಡೆದು ವಿದ್ಯೆಗಾಗಿ ಕಾಯುವುದು ಸರಿಯೆಂದು ನಮಗೆ ತೋರದು. ವಿದ್ಯೆಯಿಲ್ಲದ ಹಕ್ಕು ಎಂತಹುದೆಂಬುದನ್ನು ಮಾತ್ರ ಆಕೆಯು ಕಣ್ಣಾರೆ ಕಂಡಿದ್ದರು. ದೃಷ್ಟಿ ಕುಂದಿದ ವೃದ್ಧಾಪ್ಯದಲ್ಲಿ, ೧೯೫೪ರ ಜುಲೈ ೬ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಲ್ಲಿಯ ಲಿಂಕನ್ಸ್ ಇನ್ ಎಂಬ ನ್ಯಾಯವಾದಿಗಳ ಸಂಸ್ಥೆಯಲ್ಲಿ ೨೦೧೨ರಲ್ಲಿ ಆಕೆಯ ಪ್ರತಿಮೆಯನ್ನು ಇರಿಸಿದರು.

ಈಗ ನಮ್ಮ ಊರಿಗೆ ಬರೋಣ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕಿಗೆ ಶಾಸನ ಮಾಡಿದ್ದಿತು. ಕರ್ನಾಟಕವು ೧೯೯೪ರಲ್ಲಿ ಹೆಣ್ಣುಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಂತೆ ಪಾಲು ಕೊಟ್ಟಿತು. ೨೦೦೫ರಲ್ಲಿ ದೇಶವೆಲ್ಲ ಹಾಗೆ ಮಾಡಿತು. ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ೧೯೨೫ರ ವಾರಸಾ ಶಾಸನದಲ್ಲಿ ಮಗ ಮಗಳೆಂಬ ಭೇದವಿಲ್ಲ. ೧೯೮೭ರ ಕಾನೂನು ಸೇವೆಗಳ ಶಾಸನದಂತೆ ಸ್ತ್ರೀಯರಿಗೂ ಮಕ್ಕಳಿಗೂ, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಗೋಷಾದ ತೆರೆಯೂ ಇಲ್ಲ. ಆದರೂ ನಮ್ಮಲ್ಲಿ ಓದಿದ ಒಬ್ಬಾಕೆಯು ಕೆಲವು ತಿಂಗಳ ಹಿಂದೆ ಸಂಜೆಯ ವೇಳೆ ನಮ್ಮ ಮನೆಗೆ ಬಂದು, ಸೆರಗಿನಲ್ಲಿ ಮಡಿಸಿಟ್ಟಿದ್ದ ಖುಲಾಸೆ ಪತ್ರದ ಕರಡನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಏನಿದೆಯೆಂದು ಕೇಳಿದಳು. ಆಕೆಯು ಕನ್ನಡದಲ್ಲಿ ತರಗತಿಗೆ ಮೊದಲಿಗಳಾಗಿದ್ದವಳು. ನಾವು ಜೊತೆಯಲ್ಲಿ ಕುಳಿತು ಸಾಲುಸಾಲಾಗಿ ಆಕೆಯಿಂದಲೇ ಓದಿಸಿದೆವು. ಮುಗಿಯುವಾಗ ಕತ್ತಲಾಗಿತ್ತು. ಅಣ್ಣನೊಡನೆ ಮಾತನಾಡಿದ ಬಳಿಕ ರುಜುವಿನ ವಿಚಾರ ತೀರ್ಮಾನಿಸುವೆನೆಂದು ಹೇಳಿ, ಕರಡನ್ನು ತಿರುಗಿ ಮಡಿಸಿಕೊಂಡು ಹೋದಳು. ಮುಂದಿನ ಶನಿವಾರದ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಆಕೆಯೂ ಬಂದು ಕುಳಿತಿದ್ದಳು. ಹಳೆಯ ವಿದ್ಯಾರ್ಥಿನಿಯರಲ್ಲಿ ಬರಲಿಚ್ಛಿಸುವವರಿಗೂ, ಪೋಷಕರಲ್ಲಿ ಕೇಳಲಿಚ್ಛಿಸುವವರಿಗೂ ಆ ಬೆಂಚಿನಲ್ಲಿ ಇನ್ನೂ ಸ್ಥಳವಿದೆ.